ನಿರ್ಮಲಮ್ಮನವರು ಮಡಿಲಲ್ಲಿಟ್ಟುಕೊಂಡ ಸಿ.ಡಿ.

ಎಂ.ಸಿ.ಸಿ. ಬಡಾವಣೆಯ ಬಿ ಬ್ಲಾಕಿನಲ್ಲಿರುವ ತಮ್ಮ ಮನೆಯಲ್ಲಿ ನಿರ್ಮಲಮ್ಮನವರು ಮಾತಿಗೆ ಕೂರುವ ಮುನ್ನ ನನ್ನ ಟೇಪ್ ರೆಕಾರ್ಡರನ್ನು ತಮ್ಮತ್ತ ಎಳೆದುಕೊಂಡು, ಮುಚ್ಚಳ ತೆರೆದು, ಒಳಗಿದ್ದ ಕ್ಯಾಸೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

“ಹೊಸದಾ ಇದು?”

ಹೊಸದೆಂದೆ.

“ಹೊಸದಾದ್ರೆ ಹಾಡಿಸಿ ತೋರಿಸ್ರಿ.”

ಖಾಲಿ ಟೇಪಿನ ಸುಯ್ಯೆನ್ನುವ ಸದ್ದನ್ನು ಅವರು ತಲೆ ಓರೆ ಮಾಡಿಕೊಂಡು ಕೇಳಿದರು. ಆಮೇಲೂ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. “ನಾನು ಮಾತಾಡಿದ್ದನ್ನ ಹೋಗೋಕ್ ಮುಂಚೆ ಒಂದ್ಸಲ ನನಗೆ ಕೇಳಿಸಬೇಕು. ಒಂದು ಮಾತು ಹೆಚ್ಚಿರಬಾರ್ದು, ಒಂದು ಕಡಿಮೆ ಇರಬಾರ್ದು.”

ಅವರ ಪತಿ ಹಾಲೇಶಪ್ಪನವರು ಪತ್ರಿಕೆಯನ್ನು ಮುಖದಿಂದ ಇಳಿಸದೆಯೇ ಹೇಳಿದರು: “ಒಪ್ಪಿಕೊಂಬಿಡ್ರಿ. ನಮ್ಮನೇಗೆ ಬಂದಾಕೆ ಹೆಂಡ್ತಿ ಅಲ್ಲ, ಸಿಐಡಿ. ತಾಳಿ ಕಟ್ಟಿದ ಮ್ಯಾಲೆ ಗಂಟು ಗಟ್ಟಿ ಐತೋ ಇಲ್ಲೋ ಅಂತ ಮಂಟಪದಾಗೇ ಜಗ್ಗಿ ನೋಡ್ದೋಳು.”

“ಜಗ್ಗಿ ನೋಡಿದ್ದಕ್ಕೇ ಇಷ್ಟು ದಿನ ನಿಂತೈತೆ,” ಎಂದರು ನಿರ್ಮಲಮ್ಮ.

ಆ ಮನೆಯಲ್ಲಿ ನಡೆದ ಮಾತುಕತೆಗಳಿಂದಲೂ, ಅವರು ಹೆಸರಿಸಿದವರನ್ನು ಬೇರೆ ಬೇರೆಯಾಗಿ ಕಂಡು ಕೇಳಿದ್ದರಿಂದಲೂ ಈ ಬರಹ ಕೂಡಿಬಂದಿದೆ. ಹೇಳಿಕೆಗಳು ಹೊಂದದ ಕಡೆ ಎರಡನ್ನೂ ಹಾಗೆಯೇ ಇಟ್ಟಿದ್ದೇನೆ.

ನಿರ್ಮಲಮ್ಮ ಹುಟ್ಟಿದ್ದು ಹರಿಹರ ತಾಲೂಕಿನ ಭಾನುವಳ್ಳಿಯಲ್ಲಿ. ತಾಯಿ ಅಂಜಿನವ್ವ ಸೋಬಾನೆ ಹಾಡುವುದರಲ್ಲಿ ಹೆಸರಾದವರು. ಸುತ್ತಲಿನ ಹಳ್ಳಿಗಳಲ್ಲಿ ಮದುವೆ ಗೊತ್ತಾದರೆ ಹಂದರಕ್ಕೆ ಗಳ ತರುವ ಮೊದಲು ಅಂಜಿನವ್ವನಿಗೆ ಹೇಳಿಕಳುಹಿಸುತ್ತಿದ್ದರಂತೆ. ಹಾಡುತ್ತ ಕೂತ ತಾಯಿ ಮನೆಗೆಲಸವನ್ನು ಮಗಳ ಕಣ್ಣಿನಿಂದ ನಡೆಸುತ್ತಿದ್ದರು. ಹಾಲು ಉಕ್ಕಿತೇ, ಕರು ಹಗ್ಗ ಬಿಚ್ಚಿಕೊಂಡಿತೇ, ಕಾಲುವೆಯ ನೀರು ತಮ್ಮ ಗದ್ದೆಗೆ ತಿರುಗಿದೆಯೇ ಅಥವಾ ಬೇರೆ ಯಾರಾದರೂ ಮಣ್ಣಿನ ಒಡ್ಡು ಹಾಕಿ ತಮ್ಮ ಕಡೆಗೆ ತಿರುಗಿಸಿಕೊಂಡಿದ್ದಾರೆಯೇ, ಎಲ್ಲಕ್ಕೂ “ನಿಮ್ಮೀ, ನೋಡ್ಕಂಡ್ ಬಾ” ಎಂಬ ಒಂದೇ ಮಾತು. “ನಾನು ನೋಡಿ ಬಂದು ಹೇಳಿದ್ರೆ ಮುಗೀತು. ಅವ್ವ ಮತ್ತೆ ಯಾರನ್ನೂ ಕೇಳ್ತಿರ್ಲಿಲ್ಲ,” ಎಂದು ನಿರ್ಮಲಮ್ಮ ಹೇಳುವಾಗ ಅವರ ದನಿಯಲ್ಲಿ ಹೆಮ್ಮೆಯಿತ್ತು.

ಮದುವೆಯಾಗಿ ದಾವಣಗೆರೆಗೆ ಬಂದ ಮೇಲೆ ಚೌಕಿಪೇಟೆಯಲ್ಲಿದ್ದ ಗಂಡನ ಜವಳಿ ಅಂಗಡಿಯಲ್ಲಿ ಈ ಅಭ್ಯಾಸ ಇನ್ನಷ್ಟು ಬಲಿಯಿತು. ಮಿಲ್ಲಿನಿಂದ ಬಂದ ಬಟ್ಟೆಯ ಥಾನು ಬಿಚ್ಚಿದರೆ ಮೊದಲು ಅವರ ಕೈಗೆ. ಬಾಗಿಲ ಬೆಳಕಿಗೆ ಅಡ್ಡ ಹಿಡಿದು ಎಳೆ ತಪ್ಪಿದ ಜಾಗವನ್ನು ಹುಡುಕುತ್ತಿದ್ದರು. ಬಟ್ಟೆಯ ವಿಷಯದಲ್ಲಿ ನೆರವಾದ ಈ ಗುಣ ಮನೆಯಲ್ಲಿ ಎಲ್ಲರಿಗೂ ಹಿತವಾಗಿತ್ತೆಂದು ಹೇಳಲಾರೆ. ಹಾಲಿನವನ ಅಳತೆ, ಗ್ಯಾಸ್ ಸಿಲಿಂಡರಿನ ತೂಕ, ಮಗಳು ನಯನಾ ಕಾಲೇಜಿನಿಂದ ಬರುವ ದಾರಿ, ಪಕ್ಕದ ಮನೆಯವರು ಮಾತು ನಿಲ್ಲಿಸಿದ ಗಳಿಗೆ, ಎಲ್ಲವೂ ಬೆಳಕಿಗೆ ಅಡ್ಡ ಹಿಡಿಯಬೇಕಾದ ಬಟ್ಟೆಯೇ.

ಆದರೆ ಹಾಡಿನ ವಿಷಯದಲ್ಲಿ ಅವರ ಅನುಮಾನಕ್ಕೆ ಕಾರಣವಿತ್ತು. ಅಂಜಿನವ್ವ ಬದುಕಿದ್ದಾಗ ಒಬ್ಬಾತ ಭಾನುವಳ್ಳಿಗೆ ಬಂದು, ಜನಪದ ಸೇವೆ ಎಂದು ಹೇಳಿ, ಆಕೆಯಿಂದ ಹಾಡಿಸಿ ರೆಕಾರ್ಡ್ ಮಾಡಿಕೊಂಡು ಹೋದ. ಮರುವರ್ಷ ಹರಿಹರದ ಬಸ್ ನಿಲ್ದಾಣದಲ್ಲಿ ಬೀಡಾ ಅಂಗಡಿಯೊಂದರಿಂದ ಅದೇ ಹಾಡು ಬೇರೊಬ್ಬರ ದನಿಯಲ್ಲಿ, ವಾದ್ಯ ಸಮೇತ ಕೇಳಿಬಂತು. ಹಾಡಿನಲ್ಲಿ ಭಾನುವಳ್ಳಿ ಕಾಲುವೆ ಎಂದಿದ್ದ ಕಡೆ ಬೇರೆ ಊರಿನ ಹೆಸರು ಸೇರಿತ್ತು. ಕ್ಯಾಸೆಟ್ಟಿನ ಮೇಲೆ ಅಂಜಿನವ್ವನ ಹೆಸರಿರಲಿಲ್ಲ. ಮಗಳು ಕುದಿಯುತ್ತ ಹೋಗಿ ಹೇಳಿದರೆ ತಾಯಿ ನಕ್ಕುಬಿಟ್ಟರು: “ಹಾಡ್ಕಳ್ಲಿ ಬಿಡೇ. ಅವ್ರ ಮನ್ಯಾಗೆ ಮದ್ವಿ ಆಗಬ್ಯಾಡ್ವಾ?” ನಿರ್ಮಲಮ್ಮ ನಗಲಿಲ್ಲ. ಈಗಲೂ ನಗುವುದಿಲ್ಲ.

ಆ ಬಳಿಕ ಹಾಲೇಶಪ್ಪನವರೇ ಹೆಂಡತಿಯೊಡನೆ ಒಂದು ಟೇಪ್ ರೆಕಾರ್ಡರನ್ನು ಭಾನುವಳ್ಳಿಗೆ ಒಯ್ದು, ಅತ್ತೆಯ ಹಾಡುಗಳನ್ನು ಎರಡು ಕ್ಯಾಸೆಟ್ಟುಗಳಲ್ಲಿ ತುಂಬಿಕೊಂಡು ಬಂದರು. ಮೊದಲನೆಯದರ ಮೊದಲ ಹಾಡು ಅರಿಶಿಣದ್ದು. ಅದರ ನಡುವೆ ಅಂಜಿನವ್ವ ಹಾಡು ನಿಲ್ಲಿಸಿ, “ನಿಮ್ಮೀ, ಹಾಲು ನೋಡೇ” ಎಂದು ಕೂಗುತ್ತಾರೆ. ದೂರದಲ್ಲಿ ಪಾತ್ರೆಯ ಸದ್ದು. “ನೋಡ್ದೆ ಅವ್ವಾ” ಎಂಬ ಉತ್ತರ. ಮತ್ತೆ ಬಿಟ್ಟಲ್ಲಿಂದಲೇ ಹಾಡು. ಅಂಜಿನವ್ವ ತೀರಿಕೊಂಡ ಮೇಲೆ ಆ ಕ್ಯಾಸೆಟ್ಟುಗಳು ಗಾಡ್ರೇಜ್ ಬೀರುವಿನಲ್ಲಿ, ಒಡವೆಯ ಡಬ್ಬಿಯ ಹಿಂದೆ ಸೇರಿದವು.

೧೯೯೯ರಲ್ಲಿ ನಯನಾಳ ಮದುವೆ ಗೊತ್ತಾಯಿತು. ಮೊಮ್ಮಗಳಿಗೆ ಅರಿಶಿಣ ಹಚ್ಚುವಾಗ ಅಜ್ಜಿ ಹಾಡಬೇಕು. ಅಜ್ಜಿ ಇಲ್ಲದಿದ್ದರೂ ಅವಳ ದನಿ ಹಾಡಬೇಕು ಎಂದು ನಿರ್ಮಲಮ್ಮ ನಿಶ್ಚಯಿಸಿದರು. ಆದರೆ ಟೇಪು ಹಳತಾಗಿ ದನಿ ಮಂಕಾಗಿತ್ತು. ಒಮ್ಮೆ ಯಂತ್ರದ ಗಾಲಿಗೆ ಸಿಕ್ಕಿ ಸುಕ್ಕುಗಟ್ಟಿತ್ತು. ಸಿ.ಡಿ. ಮಾಡಿಸೋಣವೆಂದವಳು ನಯನಾ. ಹೊಸ ಮನೆಗೆಂದು ಹಾಲೇಶಪ್ಪ ಅವಳಿಗೆ ಒಂದು ಸಿ.ಡಿ. ಪ್ಲೇಯರ್ ಕೂಡ ತಂದಿದ್ದರು.

ದಾವಣಗೆರೆಯ ಒಂದು ಅಂಗಡಿಯೂ ನಿರ್ಮಲಮ್ಮನಿಗೆ ಒಪ್ಪಿಗೆಯಾಗಲಿಲ್ಲ. ಅವರು ಆರಿಸಿದ್ದು ಹರಿಹರದಲ್ಲಿ ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿ ಇಟ್ಟುಕೊಂಡು, ಈಚೆಗೆ ಕಂಪ್ಯೂಟರಿಗೆ ಸಿ.ಡಿ. ಬರೆಯುವ ಯಂತ್ರ ಜೋಡಿಸಿದ್ದ ಯೋಗರಾಜನನ್ನು. ಕಾರಣ ಕೇಳಿದೆ. “ಭಾನುವಳ್ಳಿ ಹುಡುಗ. ತಪ್ಪು ಮಾಡಿದ್ರೆ ಅವ್ರವ್ವನ ಮನಿ ಎಲ್ಲೈತೆ ಅಂತ ನನಗೆ ಗೊತ್ತೈತೆ,” ಎಂದರು.

ಯೋಗರಾಜ್ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದವನು. ಅವನ ಕಂಪ್ಯೂಟರಿನಲ್ಲಿದ್ದುದು ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದ ಲಿನಕ್ಸ್ ಎಂಬ ತಂತ್ರಾಂಶ. ಊರಿನ ಬೇರೆ ಕಂಪ್ಯೂಟರುಗಳಲ್ಲಿ ಬಣ್ಣದ ಚಿತ್ರಗಳಿದ್ದರೆ ಇಲ್ಲಿ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಮಾತ್ರ. ನಿರ್ಮಲಮ್ಮ ಕುರ್ಚಿಯನ್ನು ಅವನ ಮೊಣಕೈಗೆ ತಾಗುವಷ್ಟು ಹತ್ತಿರ ಹಾಕಿಕೊಂಡು ಕೂತರು. ಅವನು ಮೊದಲು ತನ್ನ ಗುಪ್ತಪದವನ್ನು ಒತ್ತಿದ. ಬೆರಳುಗಳು ಓಡಿದವು, ಪರದೆಯ ಮೇಲೆ ಒಂದಕ್ಷರವೂ ಮೂಡಲಿಲ್ಲ.

“ಏನೋ ಒತ್ತಿದ್ಯಲ್ಲ, ಎಲ್ಲಿ ಹೋಯ್ತು ಅದು?”

“ಪಾಸ್‌ವರ್ಡ್ ಅಮ್ಮಾರೆ. ಕಾಣಂಗಿಲ್ಲ.”

“ಕಾಣದಂಗೆ ಬರೆಯೋದು ಯಾಕ?”

“ನೀವು ನೋಡ್ಬಾರ್ದು ಅಂತಾನೆ.” ತಮಾಷೆಗೆ ಹೇಳಿದ ಮಾತು. ಅದು ತಮಾಷೆಯಾಗಿ ಇಳಿಯಲಿಲ್ಲವೆಂದು ಯೋಗರಾಜ್ ಈಗ ಒಪ್ಪುತ್ತಾನೆ.

ಮೊದಲ ಕ್ಯಾಸೆಟ್ಟು ಕಂಪ್ಯೂಟರಿಗೆ ಇಳಿಯುತ್ತಿದ್ದಾಗ ಅಂಗಡಿಗೆ ಖುದ್ದೂಸ್ ಬಂದ. ಆತ ಖಾಲಿ ಕ್ಯಾಸೆಟ್ಟುಗಳನ್ನು ಚೀಲದಲ್ಲಿ ಹೊತ್ತು ಅಂಗಡಿ ಅಂಗಡಿಗೆ ಕೊಡುವ ವ್ಯಾಪಾರಿ. ಸ್ಪೀಕರಿನಲ್ಲಿ ಅಂಜಿನವ್ವನ ದನಿ ಕೇಳಿ ಚೀಲ ಇಳಿಸುವುದನ್ನೂ ಮರೆತು ನಿಂತ. “ವಾಹ್! ಯಾರ್ದು ಯೋಗಣ್ಣಾ ಈ ಅವಾಜು? ಬಜಾರಿಗೆ ಬಂದ್ರೆ ಜಬರ್ದಸ್ತ್ ಓಡ್ತದೆ ನೋಡು.”

ಯೋಗರಾಜ್ ತಲೆಯಾಡಿಸಿದ. ಹೊಗಳಿಕೆಗೆ ತಲೆಯಾಡಿಸಿದ್ದೆಂದು ಅವನ ಹೇಳಿಕೆ. ವ್ಯಾಪಾರಕ್ಕೆ ಒಪ್ಪಿದ್ದೆಂದು ನಿರ್ಮಲಮ್ಮನ ಹೇಳಿಕೆ. ಖುದ್ದೂಸನನ್ನೂ ಹುಡುಕಿ ಕೇಳಿದೆ. ಆತನಿಗೆ ಹಾಡು ನೆನಪಿತ್ತು, ತಾನು ಆಡಿದ ಮಾತು ನೆನಪಿರಲಿಲ್ಲ.

ಆಮೇಲೆ ಸಿ.ಡಿ. ಬರೆಯುವ ಕೆಲಸ. ಲೇಸರ್ ಉರಿಸದೆ ಒಮ್ಮೆ ಪರೀಕ್ಷಾರ್ಥವಾಗಿ ಓಡಿಸಿ, ನಡುವೆ ಎಲ್ಲೂ ಮುಗ್ಗರಿಸುವುದಿಲ್ಲವೆಂದು ಖಚಿತಪಡಿಸಿಕೊಂಡು, ಅನಂತರ ನಿಜವಾಗಿ ಬರೆಯುವುದು ಯೋಗರಾಜನ ಪದ್ಧತಿ. ಆ ಪರೀಕ್ಷೆಗೆ ಆಜ್ಞೆಯಲ್ಲಿ ‘ಡಮ್ಮಿ’ ಎಂಬ ಪದ ಸೇರಿಸಬೇಕು. ನಿರ್ಮಲಮ್ಮ ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲರು.

“ಡಮ್ಮಿ ಯಾರಿಗೋ? ನನಗಾ?”

“ಅಯ್ಯೋ, ಬರೇ ಟ್ರಯಲ್ ಅಮ್ಮಾರೆ. ಒಂದ್ಸಲ ಕೆಟ್ರೆ ಸಿ.ಡಿ. ಎಸೀಬೇಕಾಗ್ತೈತೆ.”

“ನಮ್ಮ ಅಂಗಡ್ಯಾಗೆ ಡಮ್ಮಿ ಸೀರಿ ತೋರ್ಸಿ ಆಮ್ಯಾಲೆ ಅಸಲಿ ಕೊಡಲ್ಲ. ತೆಗಿ ಅದನ್ನ.”

ಅವನು ತೆಗೆಯಲಿಲ್ಲ, ಪರೀಕ್ಷೆ ಮುಗಿಸಿಯೇ ಬರೆದ. ಬರೆಯುವಾಗ ಯಾರೂ ಮೇಜು ಅಲುಗಿಸಬಾರದೆಂದು ಹೇಳಿದ್ದರಿಂದ ನಿರ್ಮಲಮ್ಮ ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದರೆಂದೂ, ಕಣ್ಣು ಮಾತ್ರ ತನ್ನ ಕೈಯಿಂದ ಕದಲಲಿಲ್ಲವೆಂದೂ ಅವನು ನೆನೆಯುತ್ತಾನೆ. ಈ ಸಿ.ಡಿ.ಯಲ್ಲಿ ಹಾಡುಗಳು ಕಂಪ್ಯೂಟರ್ ಕಡತಗಳಾಗಿ ಕೂರುತ್ತವೆ. ಮನೆಯ ಪ್ಲೇಯರ್ ಇದನ್ನು ಓದದು. ಎರಡನೆಯ ಕ್ಯಾಸೆಟ್ಟನ್ನೂ ಇದೇ ಸಿ.ಡಿ.ಯ ಉಳಿದ ಜಾಗಕ್ಕೆ ಇನ್ನೊಂದು ದಿನ ಸೇರಿಸಿ, ಕೊನೆಗೆ ಬೇಕಾದ ಹಾಡುಗಳನ್ನು ಆರಿಸಿ, ಪ್ಲೇಯರಿಗೆ ಹೊಂದುವ ಬೇರೊಂದು ಆಡಿಯೋ ಸಿ.ಡಿ. ಮಾಡುವುದೆಂದು ಮಾತಾಗಿತ್ತು. ಎರಡು ಕ್ಯಾಸೆಟ್ಟಿಗೆ ಎರಡು ಸಿ.ಡಿ. ಬೇಡವೆಂದವರು ನಿರ್ಮಲಮ್ಮನೇ. ಒಂದಾದರೆ ಕಾಯುವುದು ಸುಲಭ.

ಬರೆದಾದ ಮೇಲೆ ಕ್ಯಾಸೆಟ್ಟನ್ನು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, “ಈಗ ಹಾಡಿಸು” ಎಂದರು. ಸಿ.ಡಿ.ಯಿಂದ ಅಂಜಿನವ್ವ ಹಾಡಿದರು. ಹಾಲು ನೋಡೆಂದು ಕೂಗಿದರು. ನಿರ್ಮಲಮ್ಮ ಕೊನೆಯವರೆಗೆ ಕೇಳಿದರು.

“ಈಗ ನಿನ್ನ ಮಿಷನ್ನಾಗೆ ಇರೋದನ್ನ ಅಳಿಸು. ನನ್ನೆದುರಿಗೆ.”

“ಎರಡನೇದು ಆಗೋ ತನಕ ಇರ್ಲಿ ಅಮ್ಮಾರೆ, ಒಳ್ಳೇದು.”

“ಯಾರಿಗೆ ಒಳ್ಳೇದು?”

ಅವನು ಅಳಿಸುವ ಆಜ್ಞೆ ಕೊಟ್ಟ. ಪರದೆ ಒಂದು ಮಾತೂ ಹೇಳದೆ ಮುಂದಿನ ಸಾಲಿಗೆ ಹೋಗಿ ನಿಂತಿತು.

“ಅಳಿಸ್ದೆ ಅಂತ ಏನೂ ಹೇಳ್ಲಿಲ್ಲಲ್ಲೋ ಅದು?”

“ಇದು ಹಂಗೇ ಅಮ್ಮಾರೆ. ಕೆಲ್ಸ ಸರಿಯಾದ್ರೆ ಸುಮ್ನಿರ್ತೈತೆ. ತಪ್ಪಾದ್ರೆ ಮಾತ್ರ ಮಾತಾಡ್ತೈತೆ.”

“ಸುಮ್ನಿರೋರನ್ನ ನಾನು ಬಾಳ ಮಂದಿ ನೋಡೀನಿ,” ಎಂದು ನಿರ್ಮಲಮ್ಮ ಅಳಿಸಿದ್ದನ್ನು ಮತ್ತೊಮ್ಮೆ ಪಟ್ಟಿ ತೆಗೆಸಿ ನೋಡಿದರು. ಅಲ್ಲಿ ಏನೂ ಇರಲಿಲ್ಲ.

ದಾವಣಗೆರೆಗೆ ಮರಳುವ ಬಸ್ಸಿನಲ್ಲಿ ಖುದ್ದೂಸನ ಮಾತು ಅವರನ್ನು ಕೊರೆಯತೊಡಗಿತು. ಸಿ.ಡಿ. ಬೀರುವಿನಲ್ಲಿ ಭದ್ರ. ಕ್ಯಾಸೆಟ್ಟು? ಮದುವೆ ಮನೆಗೆ ನೂರು ಜನ ಬರುತ್ತಾರೆ. ಟೇಪ್ ರೆಕಾರ್ಡರ್ ಎಲ್ಲರ ಮನೆಯಲ್ಲಿದೆ. ಒಂದು ಮಧ್ಯಾಹ್ನ ಯಾರಾದರೂ ಒಯ್ದು ನಕಲು ತೆಗೆದರೆ ತಿಳಿಯುವುದು ಹೇಗೆ? ಸಿ.ಡಿ.ಯನ್ನು ನಕಲು ಮಾಡಲು ಯೋಗರಾಜನಂಥವನೇ ಬೇಕು. ಮರುದಿನ ಬೆಳಗ್ಗೆ ಅವರು ಮೊದಲ ಕ್ಯಾಸೆಟ್ಟನ್ನು ಮನೆಯ ಟೇಪ್ ರೆಕಾರ್ಡರಿಗೆ ಹಾಕಿ, ರೆಕಾರ್ಡ್ ಗುಂಡಿಯನ್ನು ಒತ್ತಿ, ಎರಡೂ ಬದಿ ಅಳಿದುಹೋಗುವವರೆಗೆ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿದರು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಈಗ ಆ ಕ್ಯಾಸೆಟ್ಟಿನಲ್ಲಿರುವುದು ಕಾಯಿ ಸಿಡಿಯುವ ಸದ್ದು, ಒಮ್ಮೆ ಸೊಪ್ಪಿನವಳ ಕೂಗು.

ಎರಡನೆಯ ಸಲ ಹರಿಹರಕ್ಕೆ ಹೋದಾಗ ಯೋಗರಾಜ್ ಸಿ.ಡಿ.ಯನ್ನು ಡ್ರೈವಿಗೆ ಹಾಕಿ, ಹಿಂದಿನ ಬರಹ ಎಲ್ಲಿಗೆ ಮುಗಿದಿದೆಯೆಂದು ಯಂತ್ರವನ್ನು ಕೇಳಿದ. ಎರಡು ಸಂಖ್ಯೆಗಳು ಬಂದವು. ಇನ್ನು ಎರಡನೆಯ ಕ್ಯಾಸೆಟ್ಟನ್ನು ಇಳಿಸಿಕೊಳ್ಳಬೇಕು. ಅದಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತು ಸಿ.ಡಿ. ಒಳಗಿರುವುದು ನಿರ್ಮಲಮ್ಮನಿಗೆ ಸಹ್ಯವಾಗಲಿಲ್ಲ. ಒಂದು ಬದಿಯಿಂದ ಹಾಡು ಒಳಗೆ ಬರುತ್ತಿರುವಾಗ ಇನ್ನೊಂದು ಬದಿಯಿಂದ ಹೊರಗೆ ಹೋಗುವುದಿಲ್ಲವೆಂದು ಯಾರು ಕಂಡವರು?

“ಬೇಕಾದಾಗ ಕೊಡ್ತೀನಿ. ಈಗ ಕೊಡು ಇಲ್ಲಿ.”

ಅವನಾಗಿಯೇ ತೆಗೆದುಕೊಟ್ಟನೆಂದು ನಿರ್ಮಲಮ್ಮನೂ, ಕೈಯೊಡ್ಡಿ ಕಿತ್ತುಕೊಂಡರೆಂದು ಯೋಗರಾಜನೂ ಹೇಳುತ್ತಾರೆ. ಸಿ.ಡಿ. ನಿರ್ಮಲಮ್ಮನ ಮಡಿಲಿಗೆ ಬಂತು. ಸೆರಗು ಮುಚ್ಚಿ ಕೂತರು. ಹಾಡುಗಳು ಇಳಿದ ಮೇಲೆ ಅವನು ಸಿ.ಡಿ.ಗೆ ಸೇರಬೇಕಾದ ಹಾಡುಗಳ ಹೊಸ ಹೆಸರುಪಟ್ಟಿ ಕಟ್ಟಲು ಹೋದ. ಯಂತ್ರ ಒಂದೆರಡು ಸಾಲು ಗೊಣಗಿತು. ಅವನು ಬೆನ್ನ ಹಿಂದಿನ ಕಣ್ಣುಗಳನ್ನು ನೆನೆಸಿಕೊಂಡು ಆಜ್ಞೆಯನ್ನು ಸ್ವಲ್ಪ ಮೊಟಕು ಮಾಡಿದ. ಈ ಸಲ ಯಂತ್ರ ಸುಮ್ಮನಾಯಿತು. ಸಿ.ಡಿ. ಮಡಿಲಿನಿಂದ ಡ್ರೈವಿಗೆ ಹೋಗಿ, ಬರೆಸಿಕೊಂಡು, ಹೊರಗೆ ಬಂದ ಕೂಡಲೇ ಕರೆಂಟು ಹೋಯಿತು. ಹಾಡಿಸಿ ನೋಡಲಾಗಲಿಲ್ಲ.

ನೋಡದೆ ಬಂದದ್ದು ನಿರ್ಮಲಮ್ಮನಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಎರಡನೆಯ ಕ್ಯಾಸೆಟ್ಟನ್ನು ಅಳಿಸುವ ಮೊದಲು ಬೇರೆಯವರಿಂದ ಪರೀಕ್ಷೆ ಮಾಡಿಸಬೇಕೆಂದು ಮೈದುನನ ಮಗ ಸಂತೋಷನ ಬಳಿ ಹೋದರು. ನಿಜಲಿಂಗಪ್ಪ ಬಡಾವಣೆಯ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಅವನು ಪಾಠ ಹೇಳುತ್ತಿದ್ದ. ಅಲ್ಲಿಯ ಬಣ್ಣದ ಪರದೆಯ ಮೇಲೆ ಸಿ.ಡಿ. ತೆರೆದುಕೊಂಡಿತು. ಸಂತೋಷ ಒಂದೊಂದೇ ಹಾಡು ಹಾಡಿಸಿದ. ಎಲ್ಲವೂ ಎರಡನೆಯ ಕ್ಯಾಸೆಟ್ಟಿನವು.

“ಅರಿಶಿಣದ್ದು ಎಲ್ಲೋ?”

“ಇಷ್ಟೇ ಇರೋದು ದೊಡ್ಡಮ್ಮಾ.”

“ಸರಿಯಾಗಿ ನೋಡು.”

“ನೋಡ್ದೆ ದೊಡ್ಡಮ್ಮಾ. ಅವ್ನು ಹಳೇದನ್ನ ತೆಗೆದುಬಿಟ್ಟು ಇವನ್ನ ಹಾಕಿರ್ಬೇಕು.”

ನಿರ್ಮಲಮ್ಮ ಮನೆಗೆ ಹೋಗದೆ ಅಲ್ಲಿಂದ ನೇರ ಹರಿಹರದ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಅವರಿಗೆ ಎಲ್ಲವೂ ಹೊಂದಿಕೊಂಡವು: ಕಾಣದ ಗುಪ್ತಪದ, ಡಮ್ಮಿ, ಖುದ್ದೂಸನ ಚೀಲ, ಯೋಗರಾಜನ ತಲೆಯಾಟ, ಕರೆಂಟು ಹೋದ ಗಳಿಗೆ ಕೂಡ.

“ನಮ್ಮವ್ವನ್ನ ಎಷ್ಟಕ್ಕೆ ಮಾರ್ದ್ಯೋ?” ಅಂಗಡಿಯ ಮೆಟ್ಟಿಲ ಮೇಲಿಂದಲೇ ಕೇಳಿದರು.

ಯೋಗರಾಜ್ ಕುರ್ಚಿಯಿಂದೆದ್ದ. “ಏನಾತು? ಒಳಗ ಬರ್ರಿ, ಕೂಡ್ರಿ.”

“ಕೂಡಕ್ಕೆ ಬಂದಿಲ್ಲ. ಅರಿಶಿಣದ ಹಾಡು ಎಲ್ಲಿ?”

ಅವನು ಸಿ.ಡಿ. ಹಾಕಿ ಪಟ್ಟಿ ತೆಗೆದ. ಎರಡನೆಯ ಕ್ಯಾಸೆಟ್ಟಿನ ಹಾಡುಗಳಷ್ಟೇ ಇದ್ದವು. ಅವನ ಮುಖ ಬಾಡಿತು. ಇದನ್ನು ನಿರ್ಮಲಮ್ಮನೇ ನನಗೆ ಹೇಳಿದ್ದು, ಆದರೆ ಅಂದು ಅದನ್ನು ಕಳ್ಳನ ಮುಖವೆಂದು ಓದಿಕೊಂಡಿದ್ದರು.

“ಹಳೇದರ ಮ್ಯಾಲೇ ಬರೆದುಬಿಟ್ನೇನೋ ಅಮ್ಮಾರೆ,” ಎಂದ ಮೆಲ್ಲಗೆ. “ನಂದೇ ತಪ್ಪು. ಆ ಕ್ಯಾಸೆಟ್ ತರ್ರಿ, ಇವತ್ತೇ ಮತ್ತೆ ಇಳಿಸ್ತೀನಿ. ಸಿ.ಡಿ. ನಂದೇ ಹಾಕ್ತೀನಿ.”

“ಕ್ಯಾಸೆಟ್ ಇಲ್ಲ.”

“ಇಲ್ಲ ಅಂದ್ರೆ?”

“ಅಳಿಸ್ದೆ.”

“ಯಾರು?”

“ನಾನು. ಯಾರಾದ್ರೂ ಒಯ್ದು ಆ ಚೀಲದವನಿಗೆ ಕೊಡಬಾರ್ದು ಅಂತ.”

ಅರಿಶಿಣದ ಹಾಡು ಕ್ಯಾಸೆಟ್ಟಿನಲ್ಲಿಲ್ಲ, ಕಂಪ್ಯೂಟರಿನಲ್ಲಿಲ್ಲ, ಸಿ.ಡಿ.ಯಲ್ಲಿ ಕಾಣುತ್ತಿಲ್ಲ. ಮೂರು ಕಡೆಯಿಂದಲೂ ಅದನ್ನು ಹೊರಗಟ್ಟಿದ್ದರಲ್ಲಿ ಎರಡು ಕಡೆ ತಮ್ಮದೇ ಕೈಯಿತ್ತೆಂಬುದು ನಿರ್ಮಲಮ್ಮನಿಗೆ ಆ ಗಳಿಗೆಯಲ್ಲಿ ಹೊಳೆಯಿತೋ ಇಲ್ಲವೋ ತಿಳಿಯದು. ಅವರು ಮಾಡಿದ್ದು ಇಷ್ಟು: ಸಿ.ಡಿ.ಯನ್ನು ಹೊರಗೆ ತೆಗೆಸಿ, ಬಾಗಿಲಿಗೆ ಬಂದು, ಹೊಳೆಯುವ ಬದಿಯನ್ನು ಮೇಲೆ ಮಾಡಿ ಬಿಸಿಲಿಗೆ ಓರೆಯಾಗಿ ಹಿಡಿದರು. ಬಟ್ಟೆಯ ಥಾನನ್ನು ಹಿಡಿಯುತ್ತಿದ್ದಂತೆ.

“ಇಲ್ಲಿ ಬಾ. ನಡುವಿನ ತೂತಿನ ಸುತ್ತ ಈ ಪಟ್ಟೆ ಬಣ್ಣ ಬ್ಯಾರೆ ಐತೆ, ಕಾಣ್ತೈತಾ? ಮೊದಲನೇ ಸಲ ಮನೆಗೆ ತಂದಾಗ ಇಷ್ಟೇ ಇತ್ತು. ದಿನಾ ತೆಗೆದು ನೋಡೀನಿ. ಈಗ ಅದರಾಚೆ ಒಂದು ಗೆರಿ ಬಂದು, ಇನ್ನೊಂದು ಪಟ್ಟೆ ಆಗೈತೆ. ಹಳೇದರ ಮ್ಯಾಲೆ ಬರೆದಿದ್ರೆ ಪಟ್ಟೆ ಯಾಕ ಅಗಲ ಆತು? ಹಾಡು ಒಳಗೈತೆ. ನೀನು ಮುಚ್ಚಿಟ್ಟೀಯ.”

ಅವರು ಕಂಡದ್ದು ನಿಜ. ಕಂಡದ್ದರಿಂದ ಮಾಡಿದ ಆರೋಪ ಸುಳ್ಳು. ಯೋಗರಾಜನಿಗೆ ಆರೋಪ ಕೇಳಿಸಲೇ ಇಲ್ಲ. ಅವನು ಆ ಎರಡು ಉಂಗುರಗಳನ್ನೂ ನಡುವಿನ ಗೆರೆಯನ್ನೂ ನೋಡುತ್ತ ನಿಂತವನು, ತಟ್ಟನೆ ನಿರ್ಮಲಮ್ಮನ ಮಡಿಲ ಕಡೆ ನೋಡಿದ.

“ಅವತ್ತು ನಾನು ಪಟ್ಟಿ ಕಟ್ಟೋವಾಗ ಇದು ನಿಮ್ಮ ಹತ್ರ ಇತ್ತಲ್ಲ ಅಮ್ಮಾರೆ?”

“ಇತ್ತು. ಏನೀಗ?”

ಅವನು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುವೆ. ಒಂದೇ ಸಿ.ಡಿ.ಗೆ ಎರಡನೆಯ ಸಲ ಬರೆದಾಗ ಹೊಸ ಹಾಡುಗಳ ಜೊತೆಗೆ ಹೊಸದೊಂದು ಹೆಸರುಪಟ್ಟಿಯೂ ಸೇರುತ್ತದೆ. ಕಂಪ್ಯೂಟರು ಕೊನೆಯ ಪಟ್ಟಿಯನ್ನು ಮಾತ್ರ ನೋಡುತ್ತದೆ. ಆದ್ದರಿಂದ ಹೊಸ ಪಟ್ಟಿಯನ್ನು ಕಟ್ಟುವಾಗ ಸಿ.ಡಿ. ಡ್ರೈವಿನಲ್ಲೇ ಇದ್ದು, ಹಳೆಯ ಪಟ್ಟಿಯ ಹೆಸರುಗಳನ್ನು ಅದರಿಂದ ಓದಿ ಹೊಸದಕ್ಕೆ ಸೇರಿಸಿಕೊಳ್ಳಬೇಕು. ಅಂದು ಡ್ರೈವ್ ಬರಿದಾಗಿತ್ತು, ಸಿ.ಡಿ. ಇಲ್ಲವೆಂದು ಯಂತ್ರ ಗೊಣಗಿದ್ದು ಅದಕ್ಕೇ. ಮತ್ತೆ ಕೇಳಿ ಇಸಿದುಕೊಳ್ಳುವ ಧೈರ್ಯವಾಗದೆ ಯೋಗರಾಜ್ ಆಜ್ಞೆಯ ಆ ತುಂಡನ್ನೇ ಕೈಬಿಟ್ಟಿದ್ದ. ಎಲ್ಲಿಂದ ಬರೆಯಬೇಕೆಂಬ ಸಂಖ್ಯೆಗಳು ಇದ್ದುದರಿಂದ ಬರಹವೇನೋ ಸರಿಯಾದ ಜಾಗಕ್ಕೇ ಬಿತ್ತು. ಹಳೆಯ ಹಾಡುಗಳು ಇದ್ದಲ್ಲೇ ಇದ್ದವು, ಹೆಸರಿಲ್ಲದೆ.

“ಹಂಗಾದ್ರೆ ತೆಗಿ,” ಎಂದರು ನಿರ್ಮಲಮ್ಮ.

“ತೆಗೀತೀನಿ. ಆದ್ರೆ ಇದು ಬಾಳ ಹೊತ್ತು ಒಳಗಿರಬೇಕು. ಕೇಳಬ್ಯಾಡ್ರಿ ಮತ್ತೆ.”

ನಿರ್ಮಲಮ್ಮ ಸಿ.ಡಿ.ಯನ್ನು ತಾವೇ ತಟ್ಟೆಯ ಮೇಲಿಟ್ಟು, ತಟ್ಟೆಯ ಅಂಚಿನ ಮೇಲೆ ಕೈಯಿಟ್ಟುಕೊಂಡರು.

“ಕೈ ತೆಗೀರಿ ಅಮ್ಮಾರೆ. ಒಳಗ ಹೋಗ್ಬೇಕು ಅದು.”

ಕೈ ತೆಗೆದರು. ತೆಗೆಯಲು ಹಿಡಿದ ಹೊತ್ತನ್ನು ಯೋಗರಾಜ್ ಇಂದಿಗೂ ಅಭಿನಯಿಸಿ ತೋರಿಸುತ್ತಾನೆ.

ಮೊದಲ ಬರಹ ಎಲ್ಲಿಂದ ಎಲ್ಲಿಯವರೆಗಿದೆಯೆಂದು ಅವನು ಯಂತ್ರವನ್ನು ಕೇಳಿದ. ಅಷ್ಟು ಭಾಗವನ್ನು ಮಾತ್ರ ಇದ್ದುದಿದ್ದಂತೆ ಹಾರ್ಡ್ ಡಿಸ್ಕಿಗೆ ಎತ್ತಿಕೊಂಡು, ಆ ನಕಲನ್ನೇ ಒಂದು ಪೂರ್ತಿ ಸಿ.ಡಿ. ಎಂದು ಬಗೆದು ತೆರೆಯುವಂತೆ ಹೇಳಿದ. ಪರದೆ ಒಂದು ಮಾತೂ ಆಡದೆ ಮುಂದಿನ ಸಾಲಿಗೆ ಹೋಯಿತು. ನಿರ್ಮಲಮ್ಮ ಈ ಸಲ ಆ ಮೌನವನ್ನು ಪ್ರಶ್ನಿಸಲಿಲ್ಲ. ಪಟ್ಟಿ ತೆಗೆದಾಗ ಮೊದಲ ಕ್ಯಾಸೆಟ್ಟಿನ ಹೆಸರುಗಳು ಒಂದರ ಕೆಳಗೊಂದು ಬಂದು ಕೂತವು.

“ಹಾಡಿಸಲಾ?”

“ಮತ್ತೆ? ಹೆಸರು ನೋಡಿ ನಂಬ್ಲಾ?”

ಅಂಜಿನವ್ವ ಹಾಡಿದರು. ನಡುವೆ ನಿಲ್ಲಿಸಿ ಹಾಲು ನೋಡೆಂದು ಕೂಗಿದರು. ಯೋಗರಾಜ್ ತಿರುಗಿ ನೋಡಿದಾಗ ನಿರ್ಮಲಮ್ಮ ಸೆರಗಿನಿಂದ ಕಂಪ್ಯೂಟರಿನ ಮೇಲಿನ ಧೂಳು ಒರೆಸುತ್ತಿದ್ದರಂತೆ.

ಅದೇ ದಿನ ಆಡಿಯೋ ಸಿ.ಡಿ.ಯೂ ಆಗಬೇಕೆಂದು ಹಟ ಹಿಡಿದರು. ಅರಿಶಿಣದ ಹಾಡಿನಲ್ಲಿ ಕೂಗು, ಪಾತ್ರೆಯ ಸದ್ದು ಬರುವ ಜಾಗವನ್ನು ಕತ್ತರಿಸಿ ಜೋಡಿಸಿದರೆ ಹಾಡು ಚೊಕ್ಕವಾಗುತ್ತದೆಂದು ಯೋಗರಾಜ್ ಸೂಚಿಸಿದ.

“ಕತ್ತರಿಸಿದ್ದನ್ನ ಯಾರಿಗೆ ಕೊಡ್ತೀಯ?”

“ಯಾರಿಗೂ ಇಲ್ಲ ಅಮ್ಮಾರೆ, ಸುಮ್ನೆ ಹೋಗ್ತೈತೆ.”

“ಸುಮ್ನೆ ಹೋಗೋದು ಬ್ಯಾಡ. ಇರ್ಲಿ.”

ಡಮ್ಮಿ ಓಡಿಸುವಾಗ ಅವರು ಆಕ್ಷೇಪಿಸಲಿಲ್ಲ. ಎರಡು ಸಲ ಓಡಿಸೆಂದರು. ಸಿದ್ಧವಾದ ಆಡಿಯೋ ಸಿ.ಡಿ.ಯನ್ನು ಅಂಗಡಿಯ ಪ್ಲೇಯರಿನಲ್ಲಿ ಕೇಳುವಾಗ ಹಾಡು ಹಾಡಿನ ನಡುವೆ ತುಸು ಮೌನ ಬಂತು. ಟೇಪಿನ ಸುಯ್ಯೆನ್ನುವಿಕೆಯೂ ಇಲ್ಲದ ಪೂರಾ ಮೌನ.

“ಇಲ್ಲೇನಿತ್ತು?”

“ಏನೂ ಇರ್ಲಿಲ್ಲ. ಆಡಿಯೋ ಸಿ.ಡಿ. ಬರೆಯೋವಾಗ ಮಿಷನ್ನೇ ಎರಡು ಸೆಕೆಂಡ್ ಬಿಡುವು ಕೊಡ್ತೈತೆ.”

“ಇರ್ಲಿಲ್ಲ ಅಂತ ನೀನು ಹೇಳ್ತೀಯ,” ಎಂದು ನಿರ್ಮಲಮ್ಮ ಎರಡೂ ಸಿ.ಡಿ.ಗಳನ್ನು ಸೀರೆಯ ಮಡಿಕೆಯೊಳಗಿಟ್ಟುಕೊಂಡರು. ಹೊರಡುವಾಗ ಹಾರ್ಡ್ ಡಿಸ್ಕಿನಲ್ಲಿದ್ದ ನಕಲನ್ನು ಅಳಿಸಲೇ ಎಂದು ಅವನೇ ಕೇಳಿದ. ಅವರು ಮೆಟ್ಟಿಲಲ್ಲಿ ನಿಂತು ಯೋಚಿಸಿದರು. “ಮದ್ವಿ ಮುಗೀಲಿ. ಅಲ್ಲೀ ತನಕ ಇರ್ಲಿ. ನಿಮ್ಮವ್ವನಿಗೆ ನಾನು ಕೇಳ್ದೆ ಅಂತ ಹೇಳು.” ಕೊನೆಯ ಮಾತು ಕುಶಲ ವಿಚಾರಣೆಯೋ ಎಚ್ಚರಿಕೆಯೋ ತನಗೆ ತಿಳಿಯಲಿಲ್ಲವೆಂದು ಯೋಗರಾಜ್ ಹೇಳುತ್ತಾನೆ. ಆ ನಕಲನ್ನು ಅವನು ಇನ್ನೂ ಅಳಿಸಿಲ್ಲ. ಮದುವೆ ಮುಗಿದ ಮೇಲೆ ಅವರು ಅದನ್ನು ಕೇಳಿಕೊಂಡು ಬಂದಿಲ್ಲ. ಇದು ಅವನಿಗೆ ಅಚ್ಚರಿ.

ನಯನಾಳ ಅರಿಶಿಣದ ದಿನ ಸಿ.ಡಿ. ಪ್ಲೇಯರನ್ನು ನಡುಮನೆಯ ಕಪಾಟಿನ ಮೇಲಿಟ್ಟಿದ್ದರು. ಗುಂಡಿಗಳನ್ನು ಯಾರೂ ಮುಟ್ಟಬಾರದೆಂದು ಪಕ್ಕದಲ್ಲಿ ಸಂತೋಷನನ್ನು ಕಾವಲಿಗೆ ನಿಲ್ಲಿಸಿ, ಸಂತೋಷನ ಮೇಲೆ ಕಣ್ಣಿಟ್ಟುಕೊಂಡು ತಾವು ಕೂತಿದ್ದರು ನಿರ್ಮಲಮ್ಮ. ಟೇಪ್ ರೆಕಾರ್ಡರ್ ತಂದವರು ಯಾರಾದರೂ ಇದ್ದಾರೆಯೇ ಎಂದು ಬಂದ ಹೆಂಗಸರ ಚೀಲಗಳ ಮೇಲೆ ಕಣ್ಣಾಡಿಸಿದ್ದನ್ನು ನಯನಾ ಮಣೆಯ ಮೇಲಿಂದಲೇ ಕಂಡಳಂತೆ. ಹಾಡು ಶುರುವಾಯಿತು. ಭಾನುವಳ್ಳಿಯಿಂದ ಬಂದಿದ್ದ ಮುದುಕಿಯರು ಮೊದಲು ಬೆಚ್ಚಿ, ಆಮೇಲೆ ದನಿಗೂಡಿಸಿದರು. ಅರಿಶಿಣದ ಕೈಗಳು ನಯನಾಳ ಕೆನ್ನೆಯ ಮೇಲಿದ್ದಾಗ ಹಾಡು ನಿಂತು, ತುಂಬಿದ ಮನೆಯೊಳಗೆ ಅಂಜಿನವ್ವ ಕೂಗಿದರು: “ನಿಮ್ಮೀ, ಹಾಲು ನೋಡೇ.”

ನಿರ್ಮಲಮ್ಮ ಎದ್ದು ಅಡುಗೆಮನೆಗೆ ಹೋದರು. ಅವರು ಮರಳಿ ಬರುವಷ್ಟರಲ್ಲಿ ಹಾಡು ಬಿಟ್ಟಲ್ಲಿಂದ ಮುಂದುವರಿದಿತ್ತು.

“ಒಲಿ ಮ್ಯಾಲೆ ಹಾಲೇ ಇರ್ಲಿಲ್ರಿ,” ಎಂದರು ಹಾಲೇಶಪ್ಪ ನನ್ನೊಡನೆ, ಪತ್ರಿಕೆಯನ್ನು ಮೊದಲ ಬಾರಿಗೆ ಕೆಳಗಿಳಿಸಿ. “ಅಡಿಗೆ ಎಲ್ಲಾ ಹಿತ್ತಲ ಹಂದರದಾಗೆ ನಡೆದಿತ್ತು. ಒಲಿ ತಣ್ಣಗಿತ್ತು.”

ನಿರ್ಮಲಮ್ಮ ನನ್ನ ಟೇಪ್ ರೆಕಾರ್ಡರಿನ ಗಾಲಿ ತಿರುಗುತ್ತಿದೆಯೇ ಎಂದು ಬಗ್ಗಿ ನೋಡುತ್ತಿದ್ದರು.

“ಇತ್ತೋ ಇಲ್ಲೋ, ಹೋಗಿ ನೋಡ್ದೆ ಹೆಂಗೆ ಗೊತ್ತಾಗ್ಬೇಕು?”